ತುಟ್ಟಿ ಎಣ್ಣೆ, ಸೀಳಿದ ಪೈಪು: ಒಂದು ಕಬ್ಬಿನ ಟ್ರ್ಯಾಕ್ಟರಿನ ಪ್ರಕರಣ

2024ರ ಜನವರಿ. ಕಬ್ಬಿನ ಹಂಗಾಮು ಭರ್ತಿ ನಡೆದಿತ್ತು. ಬೆಳಿಗ್ಗೆ ಏಳಕ್ಕೆ ನಾನು ಜಮಖಂಡಿಯ ನನ್ನ ಗ್ಯಾರೇಜಿನ ಶಟರ್ ಎತ್ತುವ ಹೊತ್ತಿಗಾಗಲೇ ಟ್ರ್ಯಾಕ್ಟರ್ ಬಂದು ನಿಂತಿತ್ತು. ಹಿಂದೆ ಟ್ರೇಲರ್ ಇರಲಿಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿತ್ತು, ಇಂಜಿನ್ ಪಕ್ಕದ ಬ್ರೀದರ್ ಪೈಪಿನಿಂದಲೂ ಬುಸುಬುಸು ಹೊಗೆ. ಇಳಿದು ಬಂದವರು ಕೃಷ್ಣೆಯ ದಂಡೆಯ ಒಂದು ಊರಿನ ಅಣ್ಣ-ತಮ್ಮಂದಿರಲ್ಲಿ ಅಣ್ಣ. ಇಬ್ಬರೂ ನನ್ನ ಹಳೆಯ ಗಿರಾಕಿಗಳು.

"ಮಿಸ್ತ್ರಿಯವರ, ನೀವು ಹಾಕಿಕೊಟ್ಟ ತುಟ್ಟಿ ಎಣ್ಣಿ ನನ್ನ ಇಂಜಿನ್ ತಿಂದ್ ಹಾಕ್ತು ನೋಡ್ರಿ. ತಮ್ಮನ ಗಾಡಿ ಸೋವಿ ಎಣ್ಣಿ ಮ್ಯಾಲೆ ಛಲೋ ನಡದೈತಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಫುಲ್ ಸಿಂಥೆಟಿಕ್ ಎಣ್ಣೆ ಹಾಕಿಸಿದ ಅಣ್ಣನ ಇಂಜಿನ್ ಕೆಟ್ಟಿತ್ತು. ಸಾದಾ ಎಣ್ಣೆಯ ತಮ್ಮನ ಇಂಜಿನ್ ಗಟ್ಟಿಯಾಗಿತ್ತು. ವಾರದೊಳಗೆ ಸುತ್ತಲಿನ ಊರುಗಳಲ್ಲಿ ತೀರ್ಪೂ ಆಗಿಹೋಯಿತು: ಸಿಂಥೆಟಿಕ್ ತೆಳ್ಳಗಿರುತ್ತದೆ, ನಮ್ಮ ಬಿಸಿಲಿಗೆ ತಡೆಯುವುದಿಲ್ಲ. ಇದ್ದ ಒಳ್ಳೆಯ ಎಣ್ಣೆ ತೆಗೆಸಿ ಸಾದಾ ಹಾಕಿಸಲು ನಾಲ್ಕಾರು ಜನ ಬಂದರು. ಆ ತೀರ್ಪು ತಪ್ಪು. "ಸಿಂಥೆಟಿಕ್ ಹಾಕಿಬಿಟ್ಟರೆ ಚಿಂತೆಯಿಲ್ಲ" ಎಂದು 2021ರಲ್ಲಿ ನಾನು ಆಡಿದ ಮಾತೂ ಅಷ್ಟೇ ತಪ್ಪು. ಇಬ್ಬರೂ ಒಪ್ಪಿದ್ದರಿಂದ, ಹೆಸರು ಹಾಕದೆ, ಈ ಪ್ರಕರಣವನ್ನು ಮೊದಲಿನಿಂದ ಬರೆದಿಡುತ್ತಿದ್ದೇನೆ.

ಎರಡು ಟ್ರ್ಯಾಕ್ಟರ್, ಒಂದೇ ಕೆಲಸ

2019ರಲ್ಲಿ ಅಣ್ಣ-ತಮ್ಮ ಇಬ್ಬರೂ ಒಂದೇ ಮಾದರಿಯ ಟ್ರ್ಯಾಕ್ಟರ್ ಕೊಂಡರು. ಮೂರು ಸಿಲಿಂಡರ್, ಐವತ್ತು ಎಚ್‌ಪಿ ಒಳಗೆ, ಟರ್ಬೊ ಇಲ್ಲ. ಗಾಳಿ ಸೋಸಲು ಎಣ್ಣೆ ತುಂಬಿದ ಹಳೆ ಪದ್ಧತಿಯ ಏರ್ ಕ್ಲೀನರ್. ಇಂಜಿನ್ನಿನ ತಳದ ಚೇಂಬರಿಗೆ ಏಳೂವರೆ ಲೀಟರ್ ಎಣ್ಣೆ. ಕಂಪನಿಯ ಪುಸ್ತಕದಲ್ಲಿ 15ಡಬ್ಲ್ಯೂ-40 (ಇದು ಎಣ್ಣೆಯ ಮಂದತನದ ಗುರುತು), ಎಪಿಐ ಸಿಐ-4 (ಇದು ಡೀಸೆಲ್ ಇಂಜಿನ್ ಎಣ್ಣೆಯ ಗುಣಮಟ್ಟದ ಗುರುತು) ದರ್ಜೆಯ ಎಣ್ಣೆ, 250 ತಾಸಿಗೊಮ್ಮೆ ಬದಲಿ ಎಂದಿದೆ.

ಕೆಲಸವೂ ಒಂದೇ. 1989ರಲ್ಲಿ ರೈತರೇ ಸೇರಿ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿಕೊಂಡ ಸೀಮೆ ಇದು. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಡಬಲ್ ಟ್ರೇಲರ್ ಬಂತು. ಎರೆಹೊಲದಿಂದ ಗರಸಿನ ದಾರಿ ಹಿಡಿದು, ಮುಂದಿನ ಗಾಡಿಯ ಧೂಳು ನುಂಗುತ್ತಾ ಡಾಂಬರು ರಸ್ತೆ ಸೇರಬೇಕು. ಅಲ್ಲಿಂದ ಫ್ಯಾಕ್ಟರಿ. ಫ್ಯಾಕ್ಟರಿಯ ಬಾಗಿಲಲ್ಲಿ ಪಾಳಿ. ಒಮ್ಮೊಮ್ಮೆ ಇಡೀ ರಾತ್ರಿ ಪಾಳಿಯಲ್ಲೇ ಕಳೆಯುತ್ತದೆ, ಹತ್ತು ಮಾರು ಮುಂದೆ ಹೋಗುವುದು, ಮತ್ತೆ ನಿಲ್ಲುವುದು.

2021ರ ಅಕ್ಟೋಬರಿನಲ್ಲಿ, ಹಂಗಾಮು ಶುರುವಾಗುವ ಮುಂಚೆ, ಅಣ್ಣ ಬಂದು ಕೇಳಿದರು. ಹಂಗಾಮಿನಲ್ಲಿ ಎಣ್ಣೆ ಬದಲಿಗೆಂದು ಗ್ಯಾರೇಜಿಗೆ ಬಂದರೆ ಅರ್ಧ ದಿನ ಹಾಳು, ಒಂದು ಖೇಪು ತಪ್ಪುತ್ತದೆ. ಹೆಚ್ಚು ತಾಸು ಬಾಳುವ ಎಣ್ಣೆ ಇದ್ದರೆ ಹಾಕಿಕೊಡಿ ಎಂದರು. ಆಗ ಅವರ ಮೀಟರ್ 2,400 ತಾಸು ತೋರಿಸುತ್ತಿತ್ತು, ಕಂಪನಿಯ ವಾರಂಟಿ ಮುಗಿದಿತ್ತು. ನಾನು ಫುಲ್ ಸಿಂಥೆಟಿಕ್ ಹಾಕಿ, "ಆರುನೂರು ತಾಸು ಚಿಂತಿ ಬ್ಯಾಡ್ರಿ" ಎಂದೆ. ಪುಸ್ತಕ 250 ಎನ್ನುತ್ತದೆ, ನಾನು ಆರುನೂರು ಎಂದೆ. ತಮ್ಮ ಮಾತ್ರ "ನನಗ ಇದ್ದದ್ದ ಇರಲಿ" ಎಂದು ಸಾದಾ ಎಣ್ಣೆಯನ್ನೇ ಮುಂದುವರಿಸಿದರು.

ಆ ಡಬ್ಬಿಯೊಳಗೆ ಏನಿರುತ್ತದೆ

ಹೆಚ್ಚಿನ ಬೆಲೆ ಯಾವುದಕ್ಕೆ ಎಂಬುದು ಗೊತ್ತಾಗದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಇಂಜಿನ್ ಎಣ್ಣೆಯಲ್ಲಿ ಹೆಚ್ಚಿನ ಪಾಲು ಮೂಲ ಎಣ್ಣೆ, ಉಳಿದದ್ದು ಔಷಧಿ, ಅಂದರೆ ಅಡಿಟಿವ್. ಮೂಲ ಎಣ್ಣೆಯನ್ನು ಅಮೆರಿಕದ ಎಪಿಐ ಸಂಸ್ಥೆ ಐದು ಗುಂಪು ಮಾಡಿದೆ. ಒಂದು ಮತ್ತು ಎರಡನೆಯವು ಸಾದಾ ಎಣ್ಣೆಯ ಗುಂಪುಗಳು. ಮೂರನೆಯದು ಕಚ್ಚಾ ತೈಲದಿಂದಲೇ ಬಂದದ್ದು, ಆದರೆ ಹೈಡ್ರೋಜನ್ ಹಾಯಿಸಿ, ಅಣುಗಳನ್ನು ಒಡೆದು ಮತ್ತೆ ಹೊಂದಿಸಿ ತಯಾರಿಸಿದ್ದು. ನಾಲ್ಕನೆಯದು ಪಿಎಒ, ಕಾರ್ಖಾನೆಯಲ್ಲಿ ಸಣ್ಣ ಅಣುಗಳನ್ನು ಕೂಡಿಸಿ ಕಟ್ಟಿದ್ದು. 1974ರಲ್ಲಿ ಮಾರುಕಟ್ಟೆಗೆ ಬಂದ ಮೊಬಿಲ್ 1 ಇಂಥ ಎಣ್ಣೆ. ಮೂರನೆಯ ಗುಂಪನ್ನೂ ಸಿಂಥೆಟಿಕ್ ಎಂದು ಕರೆಯಬಹುದೇ ಎಂದು ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಅಮೆರಿಕದಲ್ಲಿ ತಕರಾರು ಎದ್ದಿತ್ತು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಕರೆಯಬಹುದು ಎಂದಿತು. ಹಾಗಾಗಿ ಡಬ್ಬಿಯ ಮೇಲೆ ‘ಫುಲ್ ಸಿಂಥೆಟಿಕ್’ ಎಂದಿದ್ದರೂ ಒಳಗಿನದು ಮೂರನೆಯ ಗುಂಪಿನ ಎಣ್ಣೆಯೇ ಇರಬಹುದು. ಅದು ಮೋಸವಲ್ಲ, ಒಳ್ಳೆಯ ಎಣ್ಣೆಯೇ. ಆದರೆ ‘ಸಿಂಥೆಟಿಕ್’ ಎಂಬ ಒಂದೇ ಪದ ನೋಡಿ ದುಡ್ಡು ಕೊಡಬಾರದು.

ಇಂಥ ಎಣ್ಣೆಯ ಲಾಭ ಯಾವುದರಲ್ಲಿ? ಕಾದರೂ ಬೇಗ ಹಾಳಾಗುವುದಿಲ್ಲ. ಆವಿಯಾಗುವುದು ಕಡಿಮೆ; ಇದನ್ನು ಅಳೆಯುವ ನೋಆಕ್ ಪರೀಕ್ಷೆಯಲ್ಲಿ ಎಣ್ಣೆಯನ್ನು 250 ಡಿಗ್ರಿಯಲ್ಲಿ ಒಂದು ತಾಸು ಕಾಯಿಸಿ ಎಷ್ಟು ಹಾರಿಹೋಯಿತು ಎಂದು ತೂಗುತ್ತಾರೆ. ಚಳಿಗೆ ಗಟ್ಟಿಯಾಗುವುದಿಲ್ಲ, ಬಿಸಿಗೆ ಅತಿಯಾಗಿ ತೆಳುವಾಗುವುದಿಲ್ಲ.

ಇದರಲ್ಲಿ ಚಳಿಯ ಲಾಭ ನಮಗೆ ಬೇಡ. 15ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಂಜಿನ್ ತಿರುಗಿಸಬಲ್ಲುದೇ ಎಂದು ಪರೀಕ್ಷಿಸುತ್ತಾರೆ, 5ಡಬ್ಲ್ಯೂವನ್ನು 30 ಡಿಗ್ರಿ ಕೆಳಗೆ. ಜಮಖಂಡಿಯ ಡಿಸೆಂಬರಿನ ನಸುಕು ಎಷ್ಟೇ ಕೊರೆದರೂ ಹತ್ತು-ಹನ್ನೆರಡು ಡಿಗ್ರಿಯ ಹತ್ತಿರ. ಅಲ್ಲಿಗೆ ಸಾದಾ 15ಡಬ್ಲ್ಯೂ ಸಾಕು.

‘ತೆಳ್ಳಗಿರುತ್ತದೆ’ ಎಂಬ ಆಪಾದನೆಗೂ ಇಲ್ಲೇ ಉತ್ತರ ಇದೆ. 15ಡಬ್ಲ್ಯೂ-40ರಲ್ಲಿ ಗೆರೆಯ ಆಚೆಗಿನ 40 ಎಂಬ ಅಂಕಿ 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ಮಂದ ಇರಬೇಕು ಎಂದು ಹೇಳುತ್ತದೆ: 12.5ರಿಂದ 16.3 ಸೆಂಟಿಸ್ಟೋಕ್. ಸಾದಾ ಇರಲಿ, ಸಿಂಥೆಟಿಕ್ ಇರಲಿ, 40 ಎಂದ ಮೇಲೆ ಇದರೊಳಗೆ ಇರಲೇಬೇಕು. ಡಬ್ಬಿಯಿಂದ ಸುರಿಯುವಾಗ ನೀರಿನಂತೆ ಕಂಡರೂ ಇಂಜಿನ್ ಕಾದಾಗ ಎರಡೂ ಒಂದೇ ದರ್ಜೆಯ ಮಂದ.

ಬಿಲ್ಲಿನ ಲೆಕ್ಕ

ನನ್ನ ಗ್ಯಾರೇಜಿನಲ್ಲಿ ಪ್ರತಿ ಗಾಡಿಗೂ ಒಂದೊಂದು ನೋಟುಬುಕ್ ಇದೆ. ಏನು ಹಾಕಿದೆ, ಎಷ್ಟು ತಾಸಿಗೆ, ಎಷ್ಟಾಯಿತು ಎಲ್ಲ ಅದರಲ್ಲಿರುತ್ತದೆ. ಈ ಪ್ರಕರಣದಲ್ಲಿ ನನ್ನನ್ನು ಸರಿದಾರಿಗೆ ತಂದದ್ದು ಅದೇ.

ಆಗ ಏಳೂವರೆ ಲೀಟರ್ ಸಾದಾ ಎಣ್ಣೆಗೆ 2,400 ರೂಪಾಯಿ, ಫಿಲ್ಟರಿಗೆ 350, ಒಟ್ಟು 2,750. ಸಿಂಥೆಟಿಕ್‌ಗೆ 5,700 ಮತ್ತು ಅದೇ 350, ಒಟ್ಟು 6,050. ಅಣ್ಣನ ಗಾಡಿಗೆ 2,400, 3,010 ಮತ್ತು 3,620 ತಾಸಿಗೆ, ಮೂರು ಸಲ ಎಣ್ಣೆ ಹಾಕಿದ್ದೆ: 18,150 ರೂಪಾಯಿ. ಅಷ್ಟೇ ಅವಧಿಯಲ್ಲಿ ತಮ್ಮನ ಗಾಡಿಗೆ ಏಳು ಸಲ: 19,250.

ಅಂದರೆ ಎರಡು ಹಂಗಾಮು ದಾಟಿ ಮೂರನೆಯದರ ನಡುವೆ ಬರುವವರೆಗೆ ತುಟ್ಟಿ ಎಣ್ಣೆ ಅಣ್ಣನಿಗೆ ಉಳಿಸಿದ್ದು 1,100 ರೂಪಾಯಿ. ಅದೂ ಕೊನೆಯ ಎರಡು ತಿಂಗಳು ಮೇಲಿಂದ ಸುರಿದ ಎಣ್ಣೆಯ ಲೆಕ್ಕ ಬಿಟ್ಟು. 250 ತಾಸಿಗೊಮ್ಮೆ ಸಿಂಥೆಟಿಕ್ ಬದಲಿಸುವುದಾದರೆ ಖರ್ಚು ಸಾದಾ ಎಣ್ಣೆಯ ಇಮ್ಮಡಿಗಿಂತ ಹೆಚ್ಚು. ತುಟ್ಟಿ ಎಣ್ಣೆಯ ದುಡ್ಡು ಗಿಟ್ಟುವುದು ಬದಲಿಯ ಅವಧಿ ಲಂಬಿಸಿದಾಗ ಮಾತ್ರ, ಮತ್ತು ಈ ಪ್ರಕರಣದ ಗಂಟು ಇರುವುದೂ ಆ ಲಂಬಿಸುವುದರಲ್ಲೇ.

ಹಲಗೆಯ ಪರೀಕ್ಷೆ

ನೀಲಿ ಹೊಗೆಯೊಂದಿಗೆ ಬಂದ ದಿನ ಅಣ್ಣನ ಗಾಡಿಯ ಮೀಟರ್ 4,100. ಮೂರನೆಯ ಎಣ್ಣೆಗೆ 480 ತಾಸು ಆಗಿತ್ತು. ಗಾಡಿ ಇಪ್ಪತ್ತು ತಾಸಿಗೆ ಸುಮಾರು ಒಂದು ಲೀಟರ್ ಎಣ್ಣೆ ಕುಡಿಯುತ್ತಿತ್ತು.

ಸಂಶಯಗಳನ್ನು ಒಂದೊಂದಾಗಿ ಹಿಡಿದೆ. ಎಣ್ಣೆ ನಕಲಿಯೇ? ಖಾಲಿ ಡಬ್ಬಿಗಳಿಗೆ ಹೊಲಸು ಎಣ್ಣೆ ತುಂಬಿ ಮಾರುವವರು ಇದ್ದಾರೆ, ಅದಕ್ಕೇ ನಾನು ಖಾಲಿ ಡಬ್ಬಿಯ ಹೊಟ್ಟೆ ಕೊಯ್ದೇ ಗುಜರಿಗೆ ಹಾಕುತ್ತೇನೆ. ಆದರೆ ಅದೇ ಖರೀದಿಯ ಡಬ್ಬಿಗಳು ಬೇರೆ ಗಾಡಿಗಳಿಗೂ ಹೋಗಿದ್ದವು, ಅವುಗಳಿಗೆ ಏನೂ ಆಗಿರಲಿಲ್ಲ. ಭಾರ ಹೆಚ್ಚೇ? ಅಣ್ಣ-ತಮ್ಮ ಇಬ್ಬರೂ ಒಂದೇ ಅಳತೆಯ ಟ್ರೇಲರ್, ಒಂದೇ ಫ್ಯಾಕ್ಟರಿ. ಡ್ರೈವರ್? ಒಂದು ವ್ಯತ್ಯಾಸ ಸಿಕ್ಕಿತು. ಅಣ್ಣನ ಗಾಡಿಯ ಬ್ಯಾಟರಿ ಸೋತಿದ್ದರಿಂದ, ಬಂದ್ ಮಾಡಿದರೆ ಮತ್ತೆ ಎಬ್ಬಿಸುವುದು ಕಷ್ಟವೆಂದು ಹುಡುಗ ಪಾಳಿಯಲ್ಲಿ ರಾತ್ರಿಯೆಲ್ಲ ಇಂಜಿನ್ ಚಾಲೂ ಇಡುತ್ತಿದ್ದ.

ಇದು ಸಣ್ಣ ಮಾತಲ್ಲ. ಈ ಟ್ರ್ಯಾಕ್ಟರಿನ ತಾಸಿನ ಮೀಟರ್ ಗಡಿಯಾರ ನೋಡಿ ಓಡುವುದಿಲ್ಲ, ಇಂಜಿನ್ ಸುತ್ತುವುದನ್ನು ಎಣಿಸುತ್ತದೆ. ಗೊತ್ತುಮಾಡಿದ ವೇಗದಲ್ಲಿ ಓಡಿದರೆ ಮಾತ್ರ ಗಡಿಯಾರದ ತಾಸು, ಮೀಟರಿನ ತಾಸು ಒಂದೇ. ನಿಂತಲ್ಲೇ ಮೆಲ್ಲಗೆ ಓಡುವಾಗ ಗಡಿಯಾರದಲ್ಲಿ ಒಂದು ತಾಸು ಕಳೆದರೆ ಮೀಟರಿನಲ್ಲಿ ಅರ್ಧವೂ ಏರದು. ಹಾಗಾಗಿ ನಾನು ಎಣಿಸಿದ 600 ತಾಸು ನಿಜಕ್ಕೂ ಅದಕ್ಕಿಂತ ಎಷ್ಟೋ ಹೆಚ್ಚಾಗಿತ್ತು. ಜೊತೆಗೆ ಎಣ್ಣೆಯ ಏರ್ ಕ್ಲೀನರ್ ಕೆಲಸ ಮಾಡುವುದೇ ಗಾಳಿಯ ರಭಸದ ಮೇಲೆ. ಗಾಳಿ ಜೋರಾಗಿ ಇಳಿದು ಎಣ್ಣೆಗೆ ಬಡಿದು ತಿರುಗಿದಾಗ ಧೂಳು ಎಣ್ಣೆಯಲ್ಲಿ ಉಳಿಯುತ್ತದೆ, ತಪ್ಪಿಸಿಕೊಂಡದ್ದು ಮೇಲಿನ ತಂತಿಜಾಳಿಗೆಯಲ್ಲಿ ಸಿಗುತ್ತದೆ. ಇಂಜಿನ್ ಮೆಲ್ಲಗೆ ಓಡುವಾಗ ರಭಸ ಇರುವುದಿಲ್ಲ, ಸೋಸುವಿಕೆಯೂ ಸೊರಗುತ್ತದೆ.

ಆದರೂ ಇಷ್ಟೇ ಕಾರಣಕ್ಕೆ ಇಂಜಿನ್ ಇಷ್ಟು ಬೇಗ ಕೈಕೊಡುವುದಿಲ್ಲ. ಆಗ ಹಲಗೆ ತಂದೆ.

ನನ್ನ ಹತ್ತಿರ ಗೇಣಗಲದ ಒಂದು ಮರದ ಹಲಗೆ ಇದೆ, ಮುಖಕ್ಕೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿದೆ. ಟರ್ಬೊ ಇಲ್ಲದ ಡೀಸೆಲ್ ಟ್ರ್ಯಾಕ್ಟರನ್ನು ಮೆಲ್ಲಗೆ ಚಾಲೂ ಇಟ್ಟು, ಏರ್ ಕ್ಲೀನರಿನ ಮೇಲಿನ ಟೊಪ್ಪಿಗೆ ತೆಗೆದು, ಗಾಳಿ ಎಳೆಯುವ ಬಾಯಿಗೆ ಈ ಹಲಗೆ ಒತ್ತಿಹಿಡಿಯಬೇಕು. ಗಾಳಿಯ ದಾರಿ ಬೇರೆಲ್ಲೂ ತೂತಾಗಿರದಿದ್ದರೆ ಇಂಜಿನ್ ಉಸಿರುಕಟ್ಟಿ ಒಂದೆರಡು ಕ್ಷಣದಲ್ಲಿ ನಿಲ್ಲುತ್ತದೆ. ಫೋನ್ ಮಾಡಿ ತಮ್ಮನ ಗಾಡಿಯನ್ನೂ ತರಿಸಿದ್ದೆ. ಮೊದಲು ಅದಕ್ಕೆ ಒತ್ತಿದೆ. ಗುಡುಗುಡು ಎಂದು ನಡುಗಿ ನಿಂತಿತು. ಹಲಗೆ ಬಾಯಿಗೆ ಕಚ್ಚಿಕೊಂಡಿತ್ತು, ಎಳೆದು ಬಿಡಿಸಬೇಕಾಯಿತು.

ಅಣ್ಣನ ಗಾಡಿಗೆ ಒತ್ತಿದೆ. ಇಂಜಿನ್ ಸಪ್ಪಳ ಸ್ವಲ್ಪ ಇಳಿಯಿತು, ಆದರೆ ನಿಲ್ಲಲಿಲ್ಲ. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ, ಓಡುತ್ತಲೇ ಇತ್ತು.

ಅಣ್ಣ ನನ್ನ ಮುಖ ನೋಡಿದರು. "ಹಂಗಾದ್ರ ಇದು ಎಲ್ಲಿಂದ ಉಸಿರು ತಗೊಳಾಕ್ಹತ್ತೈತ್ರಿ?"

ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ದಾರಿಯಲ್ಲಿ ಒಂದು ಕಪ್ಪು ರಬ್ಬರ್ ಹೋಜ್ ಪೈಪ್ ಇದೆ, ಎರಡೂ ತುದಿಗೆ ಕ್ಲಿಪ್. ಮೇಲಿಂದ ನೋಡಿದರೆ ಏನೂ ಆಗಿರಲಿಲ್ಲ. ಕೈ ಕೆಳಗೆ ತೂರಿಸಿ ಕ್ಲಿಪ್ಪಿನ ಹಿಂದೆ ಹೆಬ್ಬೆರಳಿನಿಂದ ಒತ್ತಿದಾಗ ರಬ್ಬರ್ ಬಾಯಿ ಬಿಟ್ಟಿತು, ಎರಡು ಬೆರಳಗಲ ಉದ್ದಕ್ಕೆ. ಬಿಚ್ಚಿ ಬೆಳಕಿಗೆ ಹಿಡಿದೆವು. ಸೀಳಿನ ಎರಡೂ ತುಟಿಗಳಿಗೆ ನುಣ್ಣನೆಯ ಧೂಳು ಬೂದಿಯಂತೆ ಮೆತ್ತಿಕೊಂಡಿತ್ತು. ಅಣ್ಣ ತಾವು ಉಟ್ಟ ಧೋತರದ ಚುಂಗನ್ನು ಬೆರಳಿಗೆ ಸುತ್ತಿ, ಪೈಪು ಕೂರುವ ಇಂಜಿನ್ ಕಡೆಯ ಕೊಳವೆಯೊಳಗೆ ಒರೆಸಿದರು. ಸೋಸಿದ ಗಾಳಿ ಮಾತ್ರ ಹೋಗಬೇಕಾದ ಜಾಗ ಅದು. ಚುಂಗು ಕಂದಾಗಿ ಹೊರಬಂತು. ಅವರು ಅದನ್ನು ಹೆಬ್ಬೆರಳು-ತೋರುಬೆರಳಿನ ನಡುವೆ ತಿಕ್ಕಿ, ಏನೂ ಮಾತಾಡದೆ ನನ್ನ ಕಡೆ ಚಾಚಿದರು. ಮುಟ್ಟಿದರೆ ಸಣ್ಣ ಉಸುಕಿನಂತೆ ಚುರುಚುರು ಎನ್ನುತ್ತಿತ್ತು.

ಎಣ್ಣೆ ಏನು ಹೇಳಿತು

ಧೂಳು ಇಂಜಿನ್ನಿನೊಳಗೆ ಹೋದದ್ದು ಖರೆ. ಆದರೆ ಎಣ್ಣೆಯೂ ಸೋತಿತ್ತೇ ಎಂಬ ಪ್ರಶ್ನೆ ಉಳಿದಿತ್ತು. ಅದಿಲ್ಲದೆ ಅಣ್ಣನಿಗೆ ಉತ್ತರ ಕೊಟ್ಟಂತಾಗುವುದಿಲ್ಲ. ಎರಡೂ ಗಾಡಿಗಳ ಎಣ್ಣೆ ತೆಗೆಯುವಾಗ, ಮೊದಲ ಧಾರೆ ಹೋಗಗೊಟ್ಟು, ನಡುವಿನ ಧಾರೆಯನ್ನು ಶುಭ್ರವಾದ ಬಾಟಲಿಗೆ ಹಿಡಿದು ಪುಣೆಯ ಒಂದು ಪ್ರಯೋಗಾಲಯಕ್ಕೆ ಕಳಿಸಿದೆ.

ಅಣ್ಣನ ಸಿಂಥೆಟಿಕ್, 480 ತಾಸು ದುಡಿದ ಮೇಲೆ, 100 ಡಿಗ್ರಿಯಲ್ಲಿ 13.1 ಸೆಂಟಿಸ್ಟೋಕ್, ಇನ್ನೂ 40ರ ದರ್ಜೆಯೊಳಗೆ. ಆಮ್ಲವನ್ನು ಅಡಗಿಸುವ ಶಕ್ತಿಯಾದ ಟಿಬಿಎನ್ 4.6 ಉಳಿದಿತ್ತು. ತಮ್ಮನ ಸಾದಾ ಎಣ್ಣೆ 240 ತಾಸಿಗೇ 12.7ಕ್ಕೆ ಇಳಿದಿತ್ತು, ಟಿಬಿಎನ್ 5.1. ಅಂದರೆ ಇಮ್ಮಡಿ ದುಡಿದರೂ ಸಿಂಥೆಟಿಕ್ ಬಸವಳಿದಿರಲಿಲ್ಲ. ಡೀಸೆಲ್ಲಿನ ಗಂಧಕವೂ ಈಗ ಕಡಿಮೆ: 2017ರ ಏಪ್ರಿಲಿನಿಂದ ದೇಶಕ್ಕೆಲ್ಲ ಹತ್ತು ಲಕ್ಷಕ್ಕೆ 50 ಪಾಲು ಇದ್ದದ್ದು 2020ರ ಏಪ್ರಿಲಿನಿಂದ 10ಕ್ಕೆ ಇಳಿದಿದೆ. ಗಂಧಕ ಇಳಿದಷ್ಟೂ ಎಣ್ಣೆಗೆ ಆಮ್ಲದ ಕಾಟ ಕಡಿಮೆ.

ಆದರೆ ಅದೇ ಕಾಗದದ ಕೆಳಗಿನ ಸಾಲುಗಳು ಬೇರೆ ಕಥೆ ಹೇಳಿದವು. ಹತ್ತು ಲಕ್ಷ ಪಾಲಿಗೆ ಇಷ್ಟು ಎಂಬ ಲೆಕ್ಕದಲ್ಲಿ, ಅಣ್ಣನ ಎಣ್ಣೆಯಲ್ಲಿ ಸಿಲಿಕಾನ್ 88, ಅಲ್ಯುಮಿನಿಯಂ 29, ಕ್ರೋಮಿಯಂ 19, ಕಬ್ಬಿಣ 214. ತಮ್ಮನದರಲ್ಲಿ ಸಿಲಿಕಾನ್ 14, ಕಬ್ಬಿಣ 41. ಮಣ್ಣು ಎಂದರೆ ಸಿಲಿಕಾನ್ ಮತ್ತು ಅಲ್ಯುಮಿನಿಯಂ, ಎರಡೂ ಜೊತೆಯಾಗಿ ಏರಿದರೆ ಧೂಳು ಒಳಗೆ ಹೋಗಿದೆ ಎಂದೇ ತಿಳಿಯಬೇಕು. (ಸಿಲಿಕಾನ್ ಒಂದೇ ಏರಿದ್ದರೆ ಗ್ಯಾಸ್ಕೆಟ್ಟಿಗೆ ಹಚ್ಚುವ ಅಂಟಿನಿಂದ ಬಂದಿರಬಹುದು, ಅವಸರ ಪಡಬಾರದು.) ಕಬ್ಬಿಣ ಸವೆದ ಲೈನರಿನದು, ಅಂದರೆ ಪಿಸ್ಟನ್ ಓಡಾಡುವ ಕೊಳವೆಯದು; ಕ್ರೋಮಿಯಂ ಪಿಸ್ಟನ್ನಿಗೆ ತೊಡಿಸಿದ ಮೇಲಿನ ರಿಂಗಿನದು. ಒಂದು ಮಾತು ಒಪ್ಪಿಕೊಳ್ಳಬೇಕು: ಅಣ್ಣ ಮೇಲಿಂದ ಮೇಲೆ ಹೊಸ ಎಣ್ಣೆ ಸುರಿಯುತ್ತಿದ್ದುದರಿಂದ ಟಿಬಿಎನ್ ಸ್ವಲ್ಪ ಚೆಂದ ಕಂಡಿದೆ. ಅದೇ ಕಾರಣಕ್ಕೆ ಕಬ್ಬಿಣದ ಅಂಕಿ ನಿಜಕ್ಕಿಂತ ಕಡಿಮೆ ಬಂದಿದೆ.

ಇಂಜಿನ್ ಬಿಚ್ಚಿದಾಗ ಕಣ್ಣಿಗೇ ಕಂಡಿತು. ಲೈನರಿನ ಮೇಲ್ತುದಿಯಲ್ಲಿ ರಿಂಗ್ ಓಡಾಡುವಲ್ಲಿ ಮೆಟ್ಟಿಲು ಬಿದ್ದಿತ್ತು, ಉಗುರು ಎಳೆದರೆ ತಡೆಯುತ್ತಿತ್ತು. ಮೇಲಿನ ರಿಂಗನ್ನು ಅಲ್ಲಿ ಕೂರಿಸಿ ಸಂದಿಗೆ ಫೀಲರ್ ಗೇಜ್ ಹಾಕಿದೆ. ಹೊಸದರಲ್ಲಿ ಅರ್ಧ ಮಿಲಿಮೀಟರಿನೊಳಗೆ ಇರಬೇಕಾದದ್ದು 1.9 ಇತ್ತು. ಆದರೆ ಕ್ರ್ಯಾಂಕಿನ ಬೇರಿಂಗ್ ಶೆಲ್‌ಗಳು? ಸಣ್ಣ ಗೀರು ಬಿಟ್ಟರೆ ಹೊಸದರಂತೆ ಬೂದುಬಣ್ಣ. ಇಂಜಿನ್ನಿನ ನೆತ್ತಿಯ ಮುಚ್ಚಳ, ಟ್ಯಾಪೆಟ್ ಕವರ್, ತೆಗೆದರೆ ಒಳಗೆ ಲೋಹ ಹೊಳೆಯುತ್ತಿತ್ತು. ತಮ್ಮನ ಗಾಡಿಯ ಟ್ಯಾಪೆಟ್ ಹೊಂದಿಸಲು ಕವರ್ ತೆಗೆದಾಗ ಒಳಗೆ ಚಹಾದ ಕಲೆಯಂತೆ ಕಂದು ಪದರ ಕೂತಿತ್ತು.

ಎಣ್ಣೆ ಕೈಕೊಟ್ಟ ಇಂಜಿನ್ನಿನಲ್ಲಿ ಬೇರಿಂಗ್ ಮೊದಲು ಹೋಗುತ್ತದೆ. ಗಾಳಿಯಿಂದ ಧೂಳು ಹೊಕ್ಕ ಇಂಜಿನ್ನಿನಲ್ಲಿ ಮೇಲಿನ ರಿಂಗ್, ಲೈನರಿನ ಮೇಲ್ಭಾಗ ಮೊದಲು ಸವೆಯುತ್ತವೆ. ಇಲ್ಲಿ ಆಗಿದ್ದು ಎರಡನೆಯದು. ತುಟ್ಟಿ ಎಣ್ಣೆ ತನ್ನ ಕೆಲಸ ಪೂರಾ ಮಾಡಿತ್ತು. ಆದರೆ ಎಣ್ಣೆಯ ಪದರಕ್ಕಿಂತ ದಪ್ಪನೆಯ ಕಲ್ಲುಪುಡಿ ರಿಂಗಿಗೂ ಲೈನರಿಗೂ ನಡುವೆ ಸಿಕ್ಕರೆ ಜಗತ್ತಿನ ಯಾವ ಎಣ್ಣೆಯೂ ಅದನ್ನು ತಡೆಯಲಾರದು.

ನೋಟುಬುಕ್ಕಿನ ಒಂದು ಸಾಲು

ಆ ರಾತ್ರಿ ತಮ್ಮನ ನೋಟುಬುಕ್ ತಿರುವಿದೆ. 3,150 ತಾಸಿನ ಎಣ್ಣೆ ಬದಲಿಯ ಕೆಳಗೆ ನನ್ನದೇ ಅಕ್ಷರದಲ್ಲಿ: ‘ಹೋಜ್ ಸೀಳಿದೆ, ಬದಲಿ, 380. ಕ್ಲಿಪ್ ಎರಡು, 60.’

ಅದೇ ಪೈಪು, ಅದೇ ವಯಸ್ಸು, ಅದೇ ಧೂಳು, ಅದೇ ಜಾಗದಲ್ಲಿ ಸೀಳು. ತಮ್ಮನ ಗಾಡಿಯಲ್ಲೂ ಆಗಿತ್ತು. 250 ತಾಸಿಗೊಮ್ಮೆ ಎಣ್ಣೆಗೆಂದು ಬರುತ್ತಿದ್ದ ಗಾಡಿಯ ಏರ್ ಕ್ಲೀನರ್ ಬಟ್ಟಲು ತೊಳೆಯುವಾಗ, ಕ್ಲಿಪ್ ಬಿಗಿಮಾಡುವಾಗ, ಸೀಳು ಸಣ್ಣದಿರುವಾಗಲೇ ಕೈಗೆ ಸಿಕ್ಕಿತ್ತು. ಅಣ್ಣನ ಗಾಡಿ 3,010ಕ್ಕೆ ಬಂದಾಗ ಪೈಪು ಗಟ್ಟಿ ಇತ್ತು. 3,620ಕ್ಕೆ ಬಂದದ್ದು ಹಂಗಾಮಿನ ಗಡಿಬಿಡಿಯಲ್ಲಿ. ಬಟ್ಟಲು ತೊಳೆದು ಕಳಿಸಿದೆ, ಪೈಪಿನ ಕೆಳಗೆ ಕೈ ಹಾಕಲಿಲ್ಲ. ಅದಕ್ಕೆ ನಾನೇ ಹೊಣೆ. ಮತ್ತೆ ಗಾಡಿ ನನ್ನ ಕಣ್ಣಿಗೆ ಬಿದ್ದದ್ದು ನೀಲಿ ಹೊಗೆಯೊಂದಿಗೆ.

2021ರಲ್ಲಿ ನಾನು ಎಣ್ಣೆಯ ಆಯುಷ್ಯವನ್ನಷ್ಟೇ ಲೆಕ್ಕ ಹಾಕಿದ್ದೆ. ಎಣ್ಣೆ ಆರುನೂರು ತಾಸು ಬಾಳುತ್ತದೆ ಎಂದದ್ದು ಬಹುಮಟ್ಟಿಗೆ ಸರಿಯೇ. ಆದರೆ ರಬ್ಬರ್ ಪೈಪು, ಕ್ಲಿಪ್ಪು, ಏರ್ ಕ್ಲೀನರಿನ ಬಟ್ಟಲು ಯಾವುದೂ ಸಿಂಥೆಟಿಕ್ ಆಗಿರಲಿಲ್ಲ. ಸಾದಾ ಎಣ್ಣೆ ಬೇಗ ಹಾಳಾಗುತ್ತಿದ್ದುದೇ ಗಾಡಿಯನ್ನು ಗ್ಯಾರೇಜಿಗೆ ಎಳೆದು ತರುತ್ತಿತ್ತು. ನಾನು ಬದಲಿಯ ಅವಧಿ ಲಂಬಿಸಿ, ಗೊತ್ತಿಲ್ಲದೆ ತಪಾಸಣೆಯನ್ನೂ ಲಂಬಿಸಿದ್ದೆ.

ದುರಸ್ತಿಯ ಖರ್ಚು: ಲೈನರ್-ಪಿಸ್ಟನ್-ರಿಂಗ್ ಕಿಟ್ 21,500, ಶೆಲ್ 3,200, ಗ್ಯಾಸ್ಕೆಟ್ 2,800, ಹೆಡ್ ಕೆಲಸ 4,500, ಎಣ್ಣೆ-ಫಿಲ್ಟರ್-ಹೋಜ್ 3,400. ಮಜೂರಿ 9,000 ಆಗುತ್ತಿತ್ತು, ಅದನ್ನು ನಾನು ತೆಗೆದುಕೊಳ್ಳಲಿಲ್ಲ. ಅಣ್ಣ ಕೊಟ್ಟದ್ದು 35,400. ಹಂಗಾಮಿನ ಒಂಬತ್ತು ದಿನ ಗಾಡಿ ನಿಂತಿತು, ಆ ನಷ್ಟ ಬೇರೆ.

ಹಾಗಾದರೆ ಯಾರು ಹಾಕಿಸಬೇಕು

ಈಗ ಗಿರಾಕಿಗಳು ಕೇಳಿದರೆ ನಾನು ಮೊದಲು ಕೇಳುವುದು, ಗಾಡಿ ಯಾವುದು ಎಂದು.

ನನ್ನ ಅಳಿಯ ಬೆಳಗಾವಿಯಲ್ಲಿ ಬಿಎಸ್-6 ಡೀಸೆಲ್ ಕಾರು ಓಡಿಸುತ್ತಾರೆ. ಅದರಲ್ಲಿ ಟರ್ಬೊ ಇದೆ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದೆ. ಬೂದಿ ಕಡಿಮೆ ಉಳಿಸುವ, ಪುಸ್ತಕದಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಅದಕ್ಕೆ ಹಾಕಬೇಕು. ಇಲ್ಲದಿದ್ದರೆ ಆ ಡಿಪಿಎಫ್ ಬೂದಿಯಿಂದ ಕಟ್ಟಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ತಟ್ಟನೆ ಬಂದ್ ಮಾಡಿದಾಗ ಕಾದ ಟರ್ಬೊದೊಳಗೆ ಉಳಿದ ಎಣ್ಣೆ ಸುಟ್ಟು ಕರಿ ಕಟ್ಟದಂತೆ ಕಾಯುವುದೂ ಒಳ್ಳೆಯ ಎಣ್ಣೆಯೇ. ಅಲ್ಲಿ ತುಟ್ಟಿ ಎಣ್ಣೆ ಶೋಕಿಯಲ್ಲ. ಕಣ್ಣುಮುಚ್ಚಿ ಹಾಕಿಸಿ.

ಬೈಕಿನ ವಿಷಯವೇ ಬೇರೆ. ಅಲ್ಲಿ ಇಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ನನ್ನ ಗ್ಯಾರೇಜಿನ ಹುಡುಗ ಕಾರಿಗೆ ಹಾಕಿ ಉಳಿದ ಒಂದು ಲೀಟರ್ ಸಿಂಥೆಟಿಕ್ಕನ್ನು, ತುಟ್ಟಿಯದು ಒಳ್ಳೆಯದೇ ಇರುತ್ತದೆ ಎಂದು, ತನ್ನ ಬೈಕಿಗೆ ಸುರಿದ. ಏರು ಬಂದಾಗ ಇಂಜಿನ್ ಅರಚುತ್ತಿತ್ತು, ಬೈಕ್ ಮುಂದೆ ಹೋಗುತ್ತಿರಲಿಲ್ಲ. ಕಾರಿನ ಕೆಲವು ಎಣ್ಣೆಗಳಲ್ಲಿ ಜಾರಿಕೆಯ ಔಷಧಿ ಇರುತ್ತದೆ, ಅದು ಕ್ಲಚ್ ಪ್ಲೇಟನ್ನೂ ಜಾರಿಸುತ್ತದೆ. ಬೈಕಿಗೆ ಡಬ್ಬಿಯ ಮೇಲೆ ಜಾಸೊ (ಜಪಾನಿನ ಗುಣಮಟ್ಟ) ಎಂಎ ಅಥವಾ ಎಂಎ2 ಎಂಬ ಗುರುತು ನೋಡಬೇಕು. ಸಿಂಥೆಟಿಕ್ ಹೌದೋ ಅಲ್ಲವೋ ಎಂಬುದು ಅದರ ನಂತರದ ಮಾತು.

ಟರ್ಬೊ ಇಲ್ಲದ, ಧೂಳಿನಲ್ಲಿ ದುಡಿಯುವ ಟ್ರ್ಯಾಕ್ಟರಿಗೆ ನನ್ನ ಅಭಿಪ್ರಾಯ ಸ್ಪಷ್ಟ: ಪುಸ್ತಕ ಹೇಳಿದ ದರ್ಜೆಯ ಸಾದಾ ಎಣ್ಣೆ, ಪುಸ್ತಕ ಹೇಳಿದ ತಾಸಿಗೆ. ಪಾಳಿಯಲ್ಲಿ ಇಂಜಿನ್ ಚಾಲೂ ಇಡುವವರು 200ಕ್ಕೇ ಬದಲಿಸಲಿ. ಉಳಿದ ದುಡ್ಡಲ್ಲಿ ಬ್ಯಾಟರಿ ಸರಿಮಾಡಿಸಿ, ಎರಡು ವರ್ಷಕ್ಕೊಮ್ಮೆ ಹೋಜ್ ಬದಲಿಸಿ. ಹಂಗಾಮಿನಲ್ಲಿ ಏರ್ ಕ್ಲೀನರಿನ ಬಟ್ಟಲನ್ನು ದಿನಾ ಬಿಚ್ಚಿ ನೋಡಿ. ಬಟ್ಟಲಿನ ತಳದಲ್ಲಿ ಬೆರಳಿನ ಒಂದು ಗೆಣ್ಣು ರಾಡಿ ಕೂತಿದ್ದರೆ ಆಗಲೇ ತಡವಾಗಿದೆ. ಎಣ್ಣೆಯನ್ನು ಬಟ್ಟಲಿನ ಗುರುತಿಗೆ ಸರಿಯಾಗಿ ಹಾಕಬೇಕು. ಹೆಚ್ಚಾದರೆ ಇಂಜಿನ್ ಅದನ್ನು ಎಳೆದುಕೊಳ್ಳುತ್ತದೆ, ಕಡಿಮೆಯಾದರೆ ಧೂಳು ದಾಟುತ್ತದೆ. ಚೇಂಬರಿನ ಎಣ್ಣೆ ಕಪ್ಪಾಯಿತೆಂದು ಗಾಬರಿಯಾಗುವುದು ಬೇಡ, ಡೀಸೆಲ್ ಇಂಜಿನ್ನಿನಲ್ಲಿ ಹೊಸ ಎಣ್ಣೆ ಕೆಲವೇ ತಾಸಿನಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೂ ಅದರ ಕೆಲಸವೇ.

ಸಿಂಥೆಟಿಕ್ ಹಾಕಿಸಲೇಬೇಕೆಂದು ಬಂದವರನ್ನು ನಾನು ತಡೆಯುವುದಿಲ್ಲ. ಆದರೆ 250 ತಾಸಿಗೆ ಬರೀ ತಪಾಸಣೆಗೆ ಗಾಡಿ ತರುತ್ತೇನೆಂದು ಒಪ್ಪಿದರೆ ಮಾತ್ರ ಡಬ್ಬಿ ಬಿಚ್ಚುತ್ತೇನೆ, ಮತ್ತು 500 ದಾಟಲು ಬಿಡುವುದಿಲ್ಲ.

ಅಣ್ಣ ಆ ಷರತ್ತಿಗೆ ಒಪ್ಪಿದರು. ಹೊಸ ರಿಂಗ್ ಕೂತುಕೊಳ್ಳಲಿ ಎಂದು ಮೊದಲ ಐವತ್ತು ತಾಸು ಸಾದಾ ಎಣ್ಣೆಯಲ್ಲೇ ಓಡಿಸಿ, ಆಮೇಲೆ ತಾವಾಗಿಯೇ ಸಿಂಥೆಟಿಕ್ ಕೇಳಿದರು. "ಎಣ್ಣಿದೇನ್ ತಪ್ಪಿತ್ರಿ" ಎಂದರು. ತಮ್ಮ ಇನ್ನೂ ಸಾದಾ ಎಣ್ಣೆಯವರೇ. ರಬ್ಬರ್ ಸುತ್ತಿದ ಇನ್ನೊಂದು ಹಲಗೆ ಮಾಡಿಸಿ ಇಬ್ಬರ ನಡುವೆ ಇಟ್ಟುಕೊಂಡಿದ್ದಾರೆ. ಹಂಗಾಮಿನಲ್ಲಿ ಪ್ರತಿ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವ ಮುಂಚೆ ಏರ್ ಕ್ಲೀನರಿನ ಬಾಯಿಗೆ ಅದನ್ನು ಒತ್ತಿ ನೋಡುತ್ತಾರೆ. ಎರಡೂ ಇಂಜಿನ್ ನಿಂತ ಮೇಲೆ ತೆಂಗಿನಕಾಯಿ ಒಡೆಯುತ್ತಾರೆ.